ಮಾವನವರ ಗುಳಿಗೆ ನನಗೆ ಬರೆದ ಡಾಕ್ಟರ್: ಕಲಬುರಗಿಯ ಒಂದು ಹೆರಿಗೆ ಕ್ಲಿನಿಕ್ಕಿನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಕ್ಲಿನಿಕ್ಕಿನ ಹೆಸರು ಇಲ್ಲಿ ಸಿಗುವುದಿಲ್ಲ. ಹೆಸರು ಹಾಕಲಾ ಅಂತ ಡಾಕ್ಟರ್ ಮೇಡಂ ಅವರನ್ನೇ ಕೇಳಿದ್ದೆ. "ಬ್ಯಾಡ್ರಿ, ಈಗ ಬರೋ ಮಂದಿಗೇ ಕುರ್ಚಿ ಸಾಲವಲ್ಲವು" ಅಂದರು. ಸೇಡಂ ರಸ್ತೆ ಕಡೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಇಷ್ಟು ಸಾಕು.

ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ತೊಗರಿ ಲಾರಿ ಬಂದು ನಿಂತಾಗ ಪಾರ್ಟಿಯವರು ಬಾಯಲ್ಲಿ ಹೇಳುವ ತೂಕವನ್ನು ನಾನು ಪುಸ್ತಕಕ್ಕೆ ಏರಿಸುವುದಿಲ್ಲ. ಕಾಟಾ ಚೀಟಿ ಕೈಗೆ ಬರಬೇಕು. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ, ರೂಢಿ ಅಷ್ಟೆ. ಆದರೆ ಡಾಕ್ಟರ ವಿಷಯದಲ್ಲಿ ಮಾತ್ರ ಎರಡು ವರ್ಷ ಚೀಟಿ ಕೇಳದೆ ನುಂಗಿದೆ.

32ಕ್ಕೇ ನನಗೆ ಬಿಪಿ ಬಂತು. ಊರಲ್ಲಿ ಒಳ್ಳೆ ಹೆಸರಿರುವ ಫಿಸಿಷಿಯನ್ ಒಬ್ಬರು ಟೆಲ್ಮಿಸಾರ್ಟಾನ್ 40 ಬರೆದುಕೊಟ್ಟರು. ಗುಳಿಗೆ ಕೆಟ್ಟದ್ದಲ್ಲ, ಬಿಪಿ ಸರಿಯಾಗೇ ಇಳಿಯಿತು. ಆದರೆ ಆ ಎರಡು ವರ್ಷದಲ್ಲಿ "ಮಕ್ಕಳ ವಿಚಾರ ಏನಾದರೂ ಅದೇನು?" ಅಂತ ಅವರು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಿಪಿ ಡಾಕ್ಟರ ಮುಂದೆ ಅದನ್ನೆಲ್ಲ ಯಾಕೆ ಹೇಳಬೇಕು ಅಂತ. ಆಮೇಲಾಮೇಲೆ ಅವರ ಹತ್ತಿರ ಹೋಗುವುದೇ ನಿಂತು, ಮೆಡಿಕಲ್‌ನಲ್ಲಿ ಹಳೇ ಚೀಟಿ ತೋರಿಸಿ ತಿಂಗಳಿಗೊಮ್ಮೆ ಸ್ಟ್ರಿಪ್ ತರುವುದೇ ಆಯಿತು.

ಕಿಟ್‌ನಲ್ಲಿ ಎರಡು ಗೆರೆ ಬಂದ ದಿನ ಖುಷಿಯ ನಡುವೆ ಆ ಸ್ಟ್ರಿಪ್ ಕಣ್ಣಿಗೆ ಬಿತ್ತು. ಫಿಸಿಷಿಯನ್‌ಗೆ ಫೋನ್ ಮಾಡಿದೆ. ಎತ್ತಿದ್ದು ಕಂಪೌಂಡರ್. "ಸರ್ ಊರಾಗಿಲ್ರಿ, ಚಾಲೂ ಇಡ್ರಿ" ಅಂದ. ಸರ್ ಊರಲ್ಲಿಲ್ಲ, ಚಾಲೂ ಇಡು ಅಂತ ಹೇಳಿದ್ದು ಹಾಗಾದರೆ ಯಾರು?

ಹೀಗೆ ಈ ಎರಡನೇ ಮಹಡಿ ಹತ್ತಿದ್ದು. ನನಗೆ ಆಗ ಆರು ವಾರ.

ಮೊದಲು ಕೆಟ್ಟದ್ದನ್ನು ಹೇಳಿ ಮುಗಿಸುತ್ತೇನೆ. ಟೋಕನ್ ಬೆಳಿಗ್ಗೆ ಎಂಟಕ್ಕೆ ಕೊಡುತ್ತಾರೆ, ಡಾಕ್ಟರ್ ಬರುವುದು ಹನ್ನೊಂದಕ್ಕೆ. ಏಪ್ರಿಲ್‌ನಲ್ಲಿ ಕಲಬುರಗಿ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಹಾಲ್‌ನಲ್ಲಿ ಒಂದೇ ಕೂಲರ್, ಅದೂ ರಿಸೆಪ್ಷನ್ ಕಡೆ ಮುಖ ಮಾಡಿದೆ. ಬಾತ್‌ರೂಮಿಗೆ ಬೀಗ, ಕೀ ಕೇಳಬೇಕು. ಗರ್ಭಿಣಿಯರ ಕ್ಲಿನಿಕ್‌ನಲ್ಲಿ ಬಾತ್‌ರೂಮಿಗೆ ಬೀಗ ಹಾಕುವ ಬುದ್ಧಿ ಯಾರದೋ ಗೊತ್ತಿಲ್ಲ. ಒಳಗಿರುವ ಮೆಡಿಕಲ್‌ನಲ್ಲಿ ಕೇಳಿದರೆ ಮಾತ್ರ ಬಿಲ್. ನಾನು ಪ್ರತಿಸಲ ಕೇಳಿದೆ.

ಇನ್ನು ಒಳಗಿನ ಕಥೆ. ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವಳಿಗೆ ಸಿಸ್ಟರ್ ತಕ್ಷಣ ಬಿಪಿ ನೋಡಲಿಲ್ಲ. ಕುರ್ಚಿಯಲ್ಲಿ ಬೆನ್ನು ಕೊಟ್ಟು ಕೂಡಿಸಿದರು, ಎರಡೂ ಪಾದ ನೆಲಕ್ಕೆ ಇಡಿ ಅಂದರು, ತೋಳು ಮೇಲಕ್ಕೆ ಸರಿಸಿ ಕೈಯನ್ನು ಟೇಬಲ್ ಮೇಲೆ ಇಡಿಸಿದರು. ಮಾತಾಡಬೇಡಿ ಅಂದರು. ಹತ್ತು ನಿಮಿಷ ಆದ ಮೇಲೆ ನೋಡಿದರು, ಸ್ವಲ್ಪ ಬಿಟ್ಟು ಮತ್ತೊಮ್ಮೆ ನೋಡಿದರು. ಎರಡೂ ಅಂಕಿ ಬರೆದರು: 144/92, 138/88. ಹಿಂದಿನ ದವಾಖಾನೆಯಲ್ಲಿ ಸ್ವೆಟರ್ ಮೇಲೇ ಪಟ್ಟಿ ಸುತ್ತಿ ನೋಡಿದ್ದು ನೆನಪಾಯಿತು. ನನಗೆ ಈ ಕ್ಲಿನಿಕ್ ಹಿಡಿಸಿದ್ದು ಡಾಕ್ಟರ್ ಮುಖ ನೋಡುವ ಮೊದಲೇ, ಆ ಎರಡನೇ ಅಂಕಿಯಲ್ಲಿ.

ಮೇಡಂ ಕೇಳಿದ ಮೊದಲ ಮಾತು, "ಏನೇನು ಗುಳಿಗಿ ತಗೊಳ್ಳಲತ್ತೀರಿ? ಎಲ್ಲಾ ತಗದು ಇಲ್ಲಿಡ್ರಿ." ಪರ್ಸ್ ತೆಗೆದು ಇಟ್ಟೆ. ಟೆಲ್ಮಿಸಾರ್ಟಾನ್, ಫೋಲಿಕ್ ಆಸಿಡ್, ಅಕ್ಕ ಕೊಟ್ಟಿದ್ದ ಗ್ಯಾಸಿನ ಗುಳಿಗೆ. ಟೆಲ್ಮಿಸಾರ್ಟಾನ್ ಮೇಲೆ ಪೆನ್ನಿನಿಂದ ಅಡ್ಡ ಗೆರೆ ಎಳೆದರು. "ಇದು ಇವತ್ತಿಂದ ಬಂದ್. ಆದ್ರ ಬಿಪಿ ಗುಳಿಗಿ ಬಂದ್ ಅಲ್ಲ, ಬೇರೆ ಕೊಡ್ತೀನಿ." ಅದಕ್ಕೂ ಮೊದಲು ಒಂದು ಪ್ರಶ್ನೆ: ದಮ್ಮು ಏನಾದರೂ ಇದೆಯಾ? ಇಲ್ಲ ಅಂದೆ. ಲ್ಯಾಬೆಟಲಾಲ್ 100, ದಿನಕ್ಕೆ ಎರಡು ಸಲ ಅಂತ ಬರೆದರು. ದಮ್ಮು ಇದ್ದವರಿಗೆ ಆ ಗುಳಿಗೆ ಆಗಿಬರುವುದಿಲ್ಲವಂತೆ, ಅದಕ್ಕೇ ಕೇಳಿದ್ದು.

ನನಗೆ ಅಳು ಬಂತು. ಆರು ವಾರ ಇದನ್ನೇ ತಿಂದಿದ್ದೇನಲ್ಲ. ಇಲ್ಲಿ ಮೇಡಂ "ಏನೂ ಆಗಲ್ಲ ಬಿಡ್ರಿ" ಅನ್ನಬಹುದಿತ್ತು. ಅನ್ನಲಿಲ್ಲ. ಈ ಜಾತಿಯ ಗುಳಿಗೆಯಿಂದ ದೊಡ್ಡ ತೊಂದರೆ ಆಗುವುದು ನಾಲ್ಕನೇ ತಿಂಗಳಿನಿಂದ ಮುಂದೆ ಅಂತ ಹೇಳಿದರು. ಆಗ ಕೂಸಿನ ಕಿಡ್ನಿ ಕೆಲಸ ಶುರು ಮಾಡುತ್ತದೆ, ಕೂಸಿನ ಸುತ್ತ ಇರುವ ನೀರು ಬಹಳಷ್ಟು ಅದರ ಮೂತ್ರವೇ, ಗುಳಿಗೆ ಆ ಕಿಡ್ನಿಗೇ ಪೆಟ್ಟು ಕೊಟ್ಟು ನೀರು ಕಡಿಮೆ ಮಾಡುತ್ತದೆ. "ಮೊದಲ ವಾರಗಳದ್ದು ಅಷ್ಟು ಖಾತ್ರಿ ಇಲ್ಲ. ತೊಂದರೆ ಅದ ಅಂತ ಕೆಲವರು, ಅದು ಗುಳಿಗಿದಲ್ಲ, ಬಿಪಿದೇ ಅಂತ ಕೆಲವರು. 18ರಿಂದ 20 ವಾರದೊಳಗ ಸ್ಕ್ಯಾನ್‌ನಾಗ ನೋಡೋಣ." ಖಾತ್ರಿ ಇಲ್ಲ ಅಂತ ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ನಾನು ಅದೇ ಮೊದಲು ನೋಡಿದ್ದು. ಆ ರಾತ್ರಿ ನಿದ್ದೆ ಬರಲಿಲ್ಲ ನಿಜ. ಆದರೆ ಸುಮ್ನೆ ಧೈರ್ಯ ಹೇಳಿ ಕಳಿಸಿದ್ದರೆ ಬೆಳಗಾಗುವುದರೊಳಗೆ ಮೊಬೈಲ್ ನೋಡಿ ಇನ್ನೂ ಜಾಸ್ತಿ ಹೆದರುತ್ತಿದ್ದೆ.

ಲ್ಯಾಬೆಟಲಾಲ್ ಶುರು ಮಾಡಿದ ಮೂರನೇ ದಿನ ತಲೆಯಲ್ಲಿ ಇರುವೆ ಹರಿದ ಹಾಗೆ ಆಯಿತು. ಕೂದಲ ಬುಡದಲ್ಲಿ ಜುಮುಜುಮು. ಹೇನು ಅಂದುಕೊಂಡು ಅತ್ತೆ ಬಾಚಣಿಕೆ ಹಿಡಿದು ಕೂತರು. ಒಂದೂ ಸಿಗಲಿಲ್ಲ. ಫೋನ್ ಮಾಡಿದರೆ ಸಿಸ್ಟರ್ ನಕ್ಕರು. ಆ ಗುಳಿಗೆಗೆ ಕೆಲವರಿಗೆ ಹಾಗಾಗುತ್ತದಂತೆ, ಒಂದೆರಡು ವಾರದಲ್ಲಿ ಹೋಯಿತು.

ಈಗ ಮಾವನವರ ಗುಳಿಗೆಗೆ ಬರೋಣ. 12 ವಾರಕ್ಕೆ ಹೋದಾಗ ಮೇಡಂ ಆಸ್ಪಿರಿನ್ 150 ಬರೆದರು, ರಾತ್ರಿ ಮಲಗುವಾಗ ಒಂದು, 36 ವಾರದವರೆಗೆ. ಮನೆಗೆ ತಂದು ಕಪಾಟಿನಲ್ಲಿಟ್ಟೆ. ಅತ್ತೆ ಸ್ಟ್ರಿಪ್ ನೋಡಿದವರೇ, "ಯವ್ವಾ, ಇದು ನಿಮ್ಮ ಮಾವಂದು!" ಅಂದರು. ಮಾವನವರಿಗೆ ಸ್ಟೆಂಟ್ ಹಾಕಿದೆ. ಅದೇ ಕಂಪನಿ, ಅದೇ ಬಣ್ಣ. ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಮನೆ ಮಂದಿಯೆಲ್ಲ ನೋಡಿದೆವು. ರಕ್ತ ನೀರು ಮಾಡುವ ಹಾರ್ಟಿನ ಗುಳಿಗೆ ಬಸುರಿಗೆ ಯಾಕೆ? ಮೊಬೈಲ್‌ನಲ್ಲಿ ನೋಡಿದರೆ ಗರ್ಭಿಣಿಯರು ಆಸ್ಪಿರಿನ್ ತಗೋಬಾರದು ಅಂತ ಒಂದು ಕಡೆ, ತಗೋಬೇಕು ಅಂತ ಇನ್ನೊಂದು ಕಡೆ. ಪಕ್ಕದ ಮನೆಯವರು ಡಾಕ್ಟರನ್ನೇ ಬದಲಿಸಿ ಅಂದರು. ಗಂಡ "ನೀ ಹೆಂಗ ಅಂತಿ ಹಂಗ" ಅಂದು ಜಾರಿಕೊಂಡ.

ವಿಚಿತ್ರ ನೋಡಿ. ಟೆಲ್ಮಿಸಾರ್ಟಾನ್ ನನಗೆ ಹಳೇ ಪರಿಚಯ, ಎರಡು ವರ್ಷ ಜೊತೆಗಿದ್ದದ್ದು, ಅದು ಅಪಾಯ. ಆಸ್ಪಿರಿನ್ ಹೆಸರು ಕೇಳಿದರೇ ಭಯ, ಅದು ಬೇಕು. ನನ್ನ ಭಯದ ಕಾಟಾ ಎರಡು ಸಲವೂ ಉಲ್ಟಾ ತೂಗಿತ್ತು. ಅದು ಗೊತ್ತಾಗಿದ್ದು ಆಮೇಲೆ. ಆಗ ಮಾತ್ರ ಎಂಟು ದಿನ ಗುಳಿಗೆ ಮುಟ್ಟಲಿಲ್ಲ.

ಬಿಪಿ ತೋರಿಸಲು ಹೋದೆ. "ರಾತ್ರಿ ಗುಳಿಗಿ ನಡದದ ಅಲ?" ಅಂದರು. "ಹೂಂ" ಅಂದೆ. ಪ್ರತಿ ಸಲ ಸ್ಟ್ರಿಪ್‌ಗಳನ್ನು ತರಬೇಕು ಅನ್ನುವುದು ಆ ಕ್ಲಿನಿಕ್ಕಿನ ರೂಲು, ಮರೆತೇಬಿಟ್ಟಿದ್ದೆ. ಪರ್ಸ್ ತೆಗೆದಾಗ ಹದಿನಾಲ್ಕರ ಸ್ಟ್ರಿಪ್, ಹದಿನಾಲ್ಕೂ ತುಂಬಿಕೊಂಡು ಟೇಬಲ್ ಮೇಲೆ ಬಿತ್ತು. ಮೇಡಂ ಅದನ್ನು ಎತ್ತಿ ತಿರುಗಿಸಿ ನೋಡಿದರು. ಮುಖ ಕೆಂಪಾಗಲಿಲ್ಲ. ಹೊರಗೆ ಮೂವತ್ತು ಜನ ಕೂತಿದ್ದರು. ಚೀಟಿ ಮಗುಚಿ ಹಿಂದೆ ಒಂದು ಚಿತ್ರ ಬಿಡಿಸಿದರು. ಮಾಸು ಗರ್ಭಕೋಶದ ಗೋಡೆಗೆ ಬೇರು ಬಿಡುವ ಜಾಗ, ಅಲ್ಲಿ ರಕ್ತನಾಳಗಳು ಅಗಲ ಆಗಬೇಕು, ಕೆಲವರಲ್ಲಿ ಆಗುವುದಿಲ್ಲ. ಅಂಥವರಿಗೆ ಮುಂದೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಪ್ರಿಎಕ್ಲಾಂಪ್ಸಿಯಾ ಆಗಬಹುದು. ಮೊದಲೇ ಬಿಪಿ ಇರುವ ನನ್ನಂಥವರಿಗೆ ಆ ಅಪಾಯ ಜಾಸ್ತಿ. ಅದನ್ನು ತಡೆಯೋಕೆ ಕಡಿಮೆ ಡೋಸ್ ಆಸ್ಪಿರಿನ್, 16 ವಾರದೊಳಗೆ ಶುರು ಮಾಡಿದರೆ ಒಳ್ಳೆಯದು.

"ಮೊಬೈಲ್‌ನಾಗ ಬ್ಯಾಡ ಅಂತ ಅದರಿ" ಅಂದೆ. ಅದು ನೋವಿನ ಗುಳಿಗೆಯಾಗಿ ತಗೊಳ್ಳುವ ದೊಡ್ಡ ಡೋಸಿನ ಮಾತು ಅಂದರು. ಐಬುಪ್ರೊಫೆನ್, ಡಿಕ್ಲೊಫೆನಾಕ್ ಜಾತಿಯವನ್ನು 20 ವಾರ ದಾಟಿದ ಮೇಲೆ ಬಿಡಿ ಅಂತ ಅಮೆರಿಕದ ಔಷಧ ಇಲಾಖೆ 2020ರಲ್ಲಿ ಎಚ್ಚರಿಸಿತ್ತು, ಅದೇ ಎಚ್ಚರಿಕೆಯಲ್ಲಿ ಕಡಿಮೆ ಡೋಸ್ ಆಸ್ಪಿರಿನ್ ಅನ್ನು ಹೊರಗಿಟ್ಟಿತ್ತು. ಆಮೇಲೆ ಚೀಟಿಯ ಮೂಲೆಯಲ್ಲಿ "ಆಸ್ಪ್ರೆ, 2017" ಅಂತ ಬರೆದು, "ಲೆಕ್ಕದವರಿದ್ದೀರಿ, ನೀವೇ ನೋಡ್ರಿ" ಅಂದರು.

ನೋಡಿದೆ. ಆಸ್ಪ್ರೆ ಅನ್ನುವುದು ಒಂದು ಅಧ್ಯಯನದ ಹೆಸರು. ಗಂಡನ ತಂಗಿ ನರ್ಸಿಂಗ್ ಓದಿದವಳು, ಜೊತೆಗೆ ಕೂತಳು. ಅಪಾಯ ಜಾಸ್ತಿ ಇರುವ 1776 ಗರ್ಭಿಣಿಯರು. ಅರ್ಧ ಜನರಿಗೆ ಆಸ್ಪಿರಿನ್ 150, ಅರ್ಧ ಜನರಿಗೆ ಔಷಧವೇ ಇಲ್ಲದ ಡಮ್ಮಿ ಗುಳಿಗೆ. 37 ವಾರಕ್ಕೆ ಮೊದಲೇ ಪ್ರಿಎಕ್ಲಾಂಪ್ಸಿಯಾ ಆದವರು ಆಸ್ಪಿರಿನ್ ಕಡೆ ನೂರಕ್ಕೆ 1.6, ಡಮ್ಮಿ ಕಡೆ 4.3. ಇದು ನನಗೆ ಅರ್ಥವಾಗುವ ಭಾಷೆ. ಆದರೆ ಅದೇ ಅಧ್ಯಯನದ ಅಂಕಿಗಳನ್ನು ಆಮೇಲೆ ಬಿಡಿಸಿ ನೋಡಿದಾಗ, ಮೊದಲಿನಿಂದಲೇ ಬಿಪಿ ಇದ್ದವರಲ್ಲಿ ಅಷ್ಟು ಲಾಭ ಕಾಣಲಿಲ್ಲ ಅಂತಲೂ ಇತ್ತು. ಅಂದರೆ ನನ್ನಂಥವರಲ್ಲೇ!

ಸಿಕ್ಕಿಬಿದ್ದರು ಅಂದುಕೊಂಡು ಮುಂದಿನ ಭೇಟಿಯಲ್ಲಿ ಅದನ್ನೇ ಮುಂದಿಟ್ಟೆ. ಮೇಡಂ ಕನ್ನಡಕ ತೆಗೆದರು. "ಖರೇ ಅದ. ನಿಮ್ಮಂಥವರಿಗೆ ಲಾಭ ಕಡಿಮಿ ಇರಬಹುದು. ಆದ್ರ ವಿಶ್ವ ಆರೋಗ್ಯ ಸಂಸ್ಥೆಯವರ ಪಟ್ಟಿಯೊಳಗ ಬಿಪಿ ಇದ್ದವರು ಅದಾರ. ಈ ಡೋಸಿನಾಗ ಅಪಾಯ ಸಣ್ಣದು. ಅದಕ್ಕ ಕೊಡ್ತೀನಿ. ಬ್ಯಾಡ ಅನಸಿದ್ರ ಹೇಳ್ರಿ, ಸುಳ್ಳು ಹೂಂ ಅನಬ್ಯಾಡ್ರಿ." ಕೊನೇ ಮಾತಿಗೆ ನಾನು ನೆಲ ನೋಡಿದೆ. ಆ ರಾತ್ರಿ ಶುರು ಮಾಡಿದೆ. ಮಾವ ತಮ್ಮದು, ನಾನು ನನ್ನದು, ಇಬ್ಬರೂ ಒಂದೇ ತಂಬಿಗೆ ನೀರಿನಲ್ಲಿ.

ಇದನ್ನು ಓದಿ ಯಾರೂ ತಮ್ಮ ಬಿಪಿ ಗುಳಿಗೆ ತಾವೇ ನಿಲ್ಲಿಸಬೇಡಿ, ಆಸ್ಪಿರಿನ್ ತಾವೇ ಶುರು ಮಾಡಬೇಡಿ. ಸ್ಟ್ರಿಪ್ ತಗೊಂಡು ಹೋಗಿ ಕೇಳಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರೋಟೀನ್ ಪೌಡರ್ ಬೇಕಾ ಅಂತ ಕೇಳಿದ್ದಕ್ಕೆ "ದಾಲ್ ಮಿಲ್ಲಿನಾಗ ಕೂತು ಪೌಡರ್ ಕೇಳ್ತೀರಲ್ರಿ" ಅಂದರು. ಶೇಂಗಾ ಹಿಂಡಿ (ಚಟ್ನಿಪುಡಿ) ಬಿಡಿಸಲಿಲ್ಲ, ಉಪ್ಪಿನಕಾಯಿ ಕಡಿಮೆ ಮಾಡಿಸಿದರು. ಮನೆಯಲ್ಲೇ ಬಿಪಿ ನೋಡಿ ಬರೆದಿಡಲು ಹೇಳಿದರು, ನಾನು ಮಿಲ್ಲಿನ ಹಳೇ ಖಾತೆ ಪುಸ್ತಕದಲ್ಲಿ ಬರೆದೆ. ತಲೆ ಸಿಡಿದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ಬಲಕ್ಕೆ ನೋವು ಬಂದರೆ ಟೋಕನ್ ಇಲ್ಲದೆ ಒಳಗೆ ಬನ್ನಿ ಅಂದಿದ್ದರು. 20 ವಾರದ ಸ್ಕ್ಯಾನ್‌ನಲ್ಲಿ ಕೂಸಿನ ಎರಡೂ ಕಿಡ್ನಿ ಸರಿಯಾಗಿದ್ದವು, ನೀರೂ ಸರಿಯಾಗಿತ್ತು. ಕೊನೆಗೆ 35 ವಾರದಲ್ಲಿ ಅವರೇ, "ನನ್ನಲ್ಲಿ ಸಣ್ಣ ಕೂಸುಗಳ ಐಸಿಯು ಇಲ್ಲ, ಹೆರಿಗಿ ಅಲ್ಲಿ ಮಾಡಸ್ರಿ" ಅಂತ ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟರು. ಬಿಲ್ ಕೈಬಿಟ್ಟು ಹೋಗುತ್ತದೆ ಅಂತ ಗೊತ್ತಿದ್ದೂ. ಮಗಳು 37 ವಾರ ಮುಗಿಸಿ ಬಂದಳು, 2.6 ಕೆಜಿ.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಬಾತ್‌ರೂಮಿನ ಬೀಗಕ್ಕೆ.

ಹೆರಿಗೆ ಆದ ಮೇಲೂ ಬಿಪಿ ಇಳಿಯಲಿಲ್ಲ. ಮೇಡಂ ಹತ್ತಿರ ಹೋದಾಗ ಎನಲಾಪ್ರಿಲ್ ಬರೆದರು. ಮನೆಗೆ ಬಂದು ನೋಡುತ್ತೇನೆ, ಅದು ಟೆಲ್ಮಿಸಾರ್ಟಾನ್‌ನ ದಾಯಾದಿ, ಗರ್ಭಿಣಿಯರಿಗೆ ಬೇಡವೇ ಬೇಡ ಅಂತಿದೆ. ಮಗಳು ಎದೆ ಹಾಲು ಕುಡಿಯುತ್ತಿದ್ದಾಳೆ. ಸಂಜೆ ಏಳೂವರೆಗೆ ಫೋನ್ ಮಾಡಿದೆ. ಸಿಸ್ಟರ್ ನನ್ನ ಹೆಸರು ಕೇಳಿದ ಕೂಡಲೇ, "ಮೇಡಂ ಹೇಳಿ ಹೋಗ್ಯಾರ್ರಿ, ಇವತ್ತು ನೀವು ಫೋನ್ ಮಾಡ್ತೀರಿ ಅಂತ" ಅಂದರು. ಬರೆದಿಟ್ಟಿದ್ದನ್ನು ಓದಿದರು: ಹೊಟ್ಟೆಯಲ್ಲಿದ್ದಾಗ ಬೇಡ, ಹಾಲು ಕುಡಿಸುವಾಗ ನಡೆಯುತ್ತದೆ, ಹಾಲಿಗೆ ಹೋಗುವುದು ಬಹಳ ಕಡಿಮೆ. ಎರಡನೇ ಮಗು ಬೇಕು ಅನ್ನಿಸಿದರೆ ಮೊದಲು ಬಂದು ಗುಳಿಗೆ ಬದಲಿಸಿಕೊಳ್ಳಬೇಕು.

"ಬೇಕಾ ಅಂತ ಈಗ್ಲೇ ಕೇಳಿ ಬರಕೋ ಅಂದಾರ್ರಿ" ಅಂದರು ಸಿಸ್ಟರ್. ಮಗಳಿಗೆ ಆಗ ಹನ್ನೆರಡು ದಿನ. ಸದ್ಯಕ್ಕೆ ಬೇಡ ಅಂತ ಬರೆದುಕೊಳ್ಳಿ ಅಂದೆ.