ರಾಯ್ಸ್ ಪೀಕಾ, ಇಸ್ತ್ಮಸ್ ಪೀಕಾ?

ನ್ಯೂಜಿಲೆಂಡಿನ ವಾನಾಕಾದಲ್ಲಿ ಒಂದೇ ದಿನ ಇದ್ದರೆ ಈ ಎರಡರಲ್ಲಿ ಯಾವ ಬೆಟ್ಟ ಹತ್ತುವುದು ಅನ್ನೋ ಗೊಂದಲ ಗ್ಯಾರಂಟಿ. ಯಾವುದಕ್ಕೇ ಆದರೂ ಹೋಗಿ ಬರಲು ಸುಮಾರು 16 ಕಿಲೋಮೀಟರ್, ಕಡಿದಾದ ಏರು, ನೆರಳು ತೀರಾ ಕಡಿಮೆ, ನೀರು ಜಾಸ್ತಿನೇ ಹೊತ್ತುಕೊಳ್ಳಿ.

ರಾಯ್ಸ್ 1,578 ಮೀಟರ್, ಊರಿಗೆ ಹತ್ತಿರ. ಬೆಟ್ಟದ ಏಣಿನ ಮೇಲೆ ಒಬ್ಬರೇ ನಿಂತಿರುವ ಫೋಟೊ ನೋಡಿರುತ್ತೀರಲ್ಲ, ಅದು ಇಲ್ಲಿನದೇ, ಆದರೆ ಆ ಒಬ್ಬರ ಹಿಂದೆ ತಮ್ಮ ಸರದಿಗೆ ಕಾಯುವವರ ಸಾಲು ಫೋಟೊದಲ್ಲಿ ಕಾಣುವುದಿಲ್ಲ ಅಷ್ಟೇ! ಕುರಿಗಳು ಮರಿ ಹಾಕುವ ಕಾಲ ಅಂತ ಅಕ್ಟೋಬರ್ 1ರಿಂದ ನವೆಂಬರ್ 10ರವರೆಗೆ ದಾರಿ ಮುಚ್ಚಿರುತ್ತದೆ.

ಇಸ್ತ್ಮಸ್ 1,385 ಮೀಟರ್. ಕಾರಿನಲ್ಲಿ ಸ್ವಲ್ಪ ದೂರ ಹೋಗಬೇಕು, ಆದರೆ ಜನ ಕಡಿಮೆ, ಮೇಲಿಂದ ವಾನಾಕಾ, ಹಾವಿಯಾ ಎರಡೂ ಸರೋವರ ಕಾಣುತ್ತವೆ. ನನ್ನ ವೋಟು ಇದಕ್ಕೇ.

ಮಂಡಿ ನೋವಾ? ಎರಡೂ ಬೇಡ. ಊರ ಪಕ್ಕದ ಮೌಂಟ್ ಐರನ್ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.