ಚೌಬಾರಾದಿಂದ ಗಾವಾನ್ ಮದರಸಾವರೆಗೆ: ಫೋನ್, ಕಿಟ್ ಲೆನ್ಸ್, 50 ಎಂಎಂ, ಯಾವುದು ಎಲ್ಲಿಗೆ?

ಬೀದರಿನ ಹಳೇ ಊರಿಗೆ ಫೋಟೊ ತೆಗೆಯಲು ಬಂದವರು ಮೊದಲು ಚೌಬಾರಾ ಗೋಪುರದ ಬುಡದಲ್ಲಿ ನಿಂತು ಕತ್ತೆತ್ತುತ್ತಾರೆ. ಜೊತೆಗೆ ಕ್ಯಾಮೆರಾವೂ ವಾಲುತ್ತದೆ, 71 ಅಡಿಯ ಗೋಪುರ ಚಿತ್ರದಲ್ಲಿ ಹಿಂದಕ್ಕೆ ಬೀಳುತ್ತದೆ. ತಪ್ಪು ಲೆನ್ಸಿನದಲ್ಲ, ವಾಲಿಸಿದ್ದರದು. ಇಲ್ಲಿಂದ ಬಹಮನಿ ಕಾಲದ ವಿದ್ಯಾಲಯವಾದ ಗಾವಾನ್ ಮದರಸಾವರೆಗೆ ಮೂರನ್ನು ಹಿಡಿದು ನೋಡಿದೆವು: ಫೋನಿನ ಮುಖ್ಯ ಕ್ಯಾಮೆರಾ, ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾಕ್ಕೆ ಜೊತೆಗೇ ಬರುವ 18–55 ಎಂಎಂ ಜೂಮ್, ಅಂದರೆ ಕಿಟ್ ಲೆನ್ಸ್, ಅದೇ ಕ್ಯಾಮೆರಾಕ್ಕೆ ಜೂಮ್ ಇಲ್ಲದ 50 ಎಂಎಂ ಎಫ್/1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು).

ಗೋಪುರ ಪೂರ್ತಿ ಬೇಕಾದರೆ ಕಿಟ್ ಲೆನ್ಸೇ ಸೈ. 18ಕ್ಕೆ ತಿರುಗಿಸಿ, ಕ್ಯಾಮೆರಾ ಉದ್ದಕ್ಕೆ ಹಿಡಿದು, ವಾಲಿಸದೆ, ಸುಮಾರು 31 ಮೀಟರ್ ಹಿಂದೆ ಸರಿಯಿರಿ. ಚಿತ್ರದ ಕೆಳಗಿನ ಅರ್ಧ ಬರೀ ರಸ್ತೆ, ಅದನ್ನು ಆಮೇಲೆ ಕತ್ತರಿಸಿ. ಫೋನಿಗೂ ಹೆಚ್ಚುಕಡಿಮೆ ಅಷ್ಟೇ ದೂರ. 50ಕ್ಕಾದರೆ 87 ಮೀಟರ್ ಬೇಕು. ಅಷ್ಟರಲ್ಲಿ ವೈರು, ಬೋರ್ಡು, ಆಟೋ ಎಲ್ಲ ನಡುವೆ ಬಂದಿರುತ್ತವೆ.

ಓಣಿಯೊಳಗೆ ಫೋನ್ ಮುಂದು. ನಿಂತ ಆಳು ಪೂರ್ತಿ ಬರಲು 50 ಎಂಎಂಗೆ ಉದ್ದಕ್ಕೆ ಹಿಡಿದರೂ ನಾಲ್ಕು ಮೀಟರ್ ಬೇಕು, ಅಷ್ಟು ಅಗಲ ಎಲ್ಲ ಓಣಿಗೂ ಇರುವುದಿಲ್ಲ. ಆದರೆ ಬಿಸಿಲು ಬಿದ್ದ ಕೆಂಪು ಜಂಬಿಟ್ಟಿಗೆ ಗೋಡೆಯ ಎದುರು ಫೋನ್ ತಾನಾಗಿ ನೆರಳನ್ನು ಬೆಳಗಿಸಿಬಿಡುತ್ತದೆ. ನೆರಳಿನ ಆಕಾರಕ್ಕಾಗಿಯೇ ನಿಂತವರಿಗೆ ಅದೇ ನಷ್ಟ. ಬಿಸಿಲು-ನೆರಳನ್ನು ಸರಿದೂಗಿಸುವ ಎಚ್‌ಡಿಆರ್ ಆಫ್ ಮಾಡಿ, ಬಿಸಿಲಿನ ಭಾಗ ಮುಟ್ಟಿ, ಬೆಳಕಿನ ಗೆರೆಯನ್ನು ಕೆಳಗೆಳೆಯಿರಿ.

ಇನ್ನು 50. ಈ ಊರಿನ ಸೊಗಸು ಇಡೀ ಕಟ್ಟಡಕ್ಕಿಂತ ಅದರ ತುಣುಕಿನಲ್ಲಿದೆ ಎಂದು ತೋರಿಸಿಕೊಟ್ಟದ್ದು ಇದೇ. 1472ರ ಮದರಸಾದ ಉಳಿದ ಮಿನಾರಿನ ಮೇಲೆ ನೀಲಿ, ಬಿಳಿ, ಹಳದಿ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಮುಂಭಾಗ ಪೂರ್ವಕ್ಕಿರುವುದರಿಂದ ಬೆಳಗಿನ ಓರೆ ಬೆಳಕಿಗೆ ಚೂರಿನ ಅಂಚೂ ಉದುರಿದ ಜಾಗದ ಗುಳಿಯೂ ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಫೋನಿನಲ್ಲಿ ಡಿಜಿಟಲ್ ಜೂಮ್ ಮಾಡಿದಾಗ ಅದೆಲ್ಲ ಒಂದೇ ನೀಲಿ ಕಲೆಯಾಯಿತು.

ಬಿದ್ರಿ ಅಂಗಡಿಯಲ್ಲೂ 50ಕ್ಕೇ ನಮ್ಮ ಮತ. “ಕಾಕಾ, ಒಂದ್ ಫೋಟೊ ತಗೊಳ್ಳಲೇನ್ರಿ?” ಎಂದು ಕೇಳಿಯೇ ಕ್ಯಾಮೆರಾ ಎತ್ತಿ. ತಾಮ್ರ ಬೆರೆತ ಸತು ಕೋಟೆಯ ಮಣ್ಣಿನಿಂದ ಕಪ್ಪಾಗಿ, ಬೆಳ್ಳಿ ಎಳೆ ಮಾತ್ರ ಹೊಳೆಯುತ್ತಿರುತ್ತದೆ. ಕ್ಯಾಮೆರಾ ಆ ಕಪ್ಪನ್ನು ಬೂದಿ ಬಣ್ಣ ಮಾಡಿ ಬೆಳ್ಳಿಯನ್ನು ಬೆಳ್ಳಗೆ ಸುಟ್ಟುಬಿಡುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ) ಇಳಿಸಿ. 45 ಸೆಂಟಿಮೀಟರಿನಿಂದ ಎಫ್/1.8ರಲ್ಲಿ ಚೊಕ್ಕಟವಾಗಿ ಕಾಣುವುದು ಬರೀ ಅರ್ಧ ಸೆಂಟಿಮೀಟರ್. ಹೂಜಿಯ ಉಬ್ಬಿಗೆ ಅದು ಸಾಲದು, ಕಂಡಿಯನ್ನು ಎಫ್/5.6ಕ್ಕೆ ಕಿರಿದು ಮಾಡಿ, ಸೆನ್ಸರಿನ ಸೂಕ್ಷ್ಮತೆಯಾದ ಐಎಸ್ಒವನ್ನು 1600ಕ್ಕೆ ಏರಿಸಿ. ಶಟರ್ 1/100 ಸೆಕೆಂಡ್ ಇರಲಿ. ನಮ್ಮ ಕರೆಂಟು 50 ಹರ್ಟ್ಜ್‌ನದು, ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಇನ್ನೂ ವೇಗವಾಗಿ ಹೊಡೆದರೆ ಚಿತ್ರದಲ್ಲಿ ಪಟ್ಟಿ ಬೀಳುವ ಸಂಭವ.

50 ಕೊಳ್ಳಲು ಈಗಲೇ ದುಡ್ಡಿಲ್ಲದಿದ್ದರೆ ಕಿಟ್ ಲೆನ್ಸಿನ ಜೂಮ್ ಬಳೆಯನ್ನು 35ಕ್ಕೆ ಟೇಪ್ ಸುತ್ತಿ ಕಟ್ಟಿಹಾಕಿ ಒಂದು ವಾರ ಅದರಲ್ಲೇ ತೆಗೆಯಿರಿ. ಜೂಮ್ ಇಲ್ಲದಾಗ ಕಾಲು ತಾನಾಗಿ ಗೋಡೆಯ ಹತ್ತಿರ ಹೋಗುತ್ತದೆ. ಟೇಪನ್ನು ಜೂಮ್ ಬಳೆಗೆ ಮಾತ್ರ ಹಚ್ಚಿ, ಫೋಕಸ್ ಬಳೆಗೆ ತಾಗಿದರೆ ಕೆಲವು ಲೆನ್ಸುಗಳಲ್ಲಿ ಆಟೊಫೋಕಸ್ ಸಿಕ್ಕಿಕೊಳ್ಳಬಹುದು.