ತಿರುಪು ಇರುವ ಸೀಕೋ, ತಿರುಪು ಇಲ್ಲದ ಇಟಿಎ

ಎಡಗೈಗೆ ಜಪಾನಿನ ಸೀಕೋ 7548, ಬಲಗೈಗೆ ಸ್ವಿಟ್ಜರ್ಲೆಂಡಿನ ಇಟಿಎ ಕಂಪನಿಯ 955.112 ಯಂತ್ರವಿರುವ ಗಡಿಯಾರ. ಹೀಗೆ ಒಂದು ತಿಂಗಳು ಓಡಾಡಿದೆ. ಇವುಗಳೊಳಗೆ ಕಂಪಿಸುತ್ತ ಸಮಯ ಎಣಿಸುವ ಕ್ವಾರ್ಟ್ಜ್ ಹರಳು 25 ಡಿಗ್ರಿಯ ಆಸುಪಾಸಿನಿಂದ ಯಾವ ಕಡೆಗೆ ಸರಿದರೂ ನಿಧಾನವಾಗುತ್ತದೆ. ಎರಡಕ್ಕೂ ಒಂದೇ ಮೈಬಿಸಿ ಸಿಕ್ಕರೆ ಮಾತ್ರ ಹೋಲಿಕೆ ನ್ಯಾಯವಾದೀತು.

ಎರಡರ ಹರಳೂ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧಿಸಿದರೆ ಉಳಿಯುವುದು ಒಂದು; ಸೆಕೆಂಡ್ ಮುಳ್ಳು ಹೆಜ್ಜೆ ಇಡುವುದು ಆ ಒಂದಕ್ಕೆ. ಇಲ್ಲಿಯವರೆಗೆ ಇಬ್ಬರೂ ಸಮಾನರು. ಲೆಕ್ಕ ತಪ್ಪಿದಾಗ ತಿದ್ದುವ ಬಗೆ ಮಾತ್ರ ಬೇರೆ.

ಮೊದಲ ತಿಂಗಳು ಸೀಕೋ 21 ಸೆಕೆಂಡು ಮುಂದೆ ಹೋಯಿತು, ಇಟಿಎ 7. ಇಟಿಎ ಗೆದ್ದಿತು ಎಂದುಕೊಂಡೆ. ಆಮೇಲೆ ಸೀಕೋದ ಹಿಂಬದಿ ಮುಚ್ಚಳ ತೆಗೆದೆ. ಒಳಗೆ ಅಕ್ಕಿಕಾಳಿಗಿಂತ ಚಿಕ್ಕದೊಂದು ತಿರುಪು, ನಡುವೆ ಸೀಳು: ಹರಳಿನ ವೇಗವನ್ನು ತುಸು ಹೆಚ್ಚು ಕಡಿಮೆ ಮಾಡುವ ಟ್ರಿಮ್ಮರ್ ಕೆಪಾಸಿಟರ್. ಕೂದಲೆಳೆಯಷ್ಟು ತಿರುಗಿಸಿದೆ. ಮರುದಿನ ಇನ್ನೂ ಜೋರಾಗಿ ಓಡಿತ್ತು, ದಿಕ್ಕು ತಪ್ಪಿತ್ತು. ನಾಲ್ಕನೆಯ ಸಲಕ್ಕೆ ಹದ ಸಿಕ್ಕಿತು. ಮುಂದಿನ ತಿಂಗಳ ಕೊನೆಗೆ ವ್ಯತ್ಯಾಸ ಎರಡೇ ಸೆಕೆಂಡು! ಹೊಸದರಲ್ಲೇ ತಿಂಗಳಿಗೆ 15 ಸೆಕೆಂಡಿನವರೆಗೆ ವ್ಯತ್ಯಾಸವಾಗಬಹುದೆಂದು ಹೇಳಿದ್ದ ಯಂತ್ರವಿದು. ಆ ರಾತ್ರಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇಟಿಎಯಲ್ಲಿ ತಿರುಪಿಲ್ಲ. ಹರಳನ್ನು ಬೇಕೆಂದೇ ತುಸು ವೇಗವಾಗಿ ಓಡಲು ಬಿಟ್ಟು, ನಿಮಿಷಕ್ಕೊಮ್ಮೆ ಕೆಲವು ಕಂಪನಗಳನ್ನು ಎಣಿಕೆಯಿಂದ ಕೈಬಿಡುತ್ತಾರೆ. ಜಾಣ ಉಪಾಯವೇ. ಆದರೆ ಎಷ್ಟು ಬಿಡಬೇಕೆಂಬುದು ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ವಯಸ್ಸಾದಂತೆ ಹರಳು ಬದಲಾದರೆ ನಾವು ಮಾಡುವುದೇನೂ ಇಲ್ಲ. ಪರೀಕ್ಷಾ ಯಂತ್ರದಲ್ಲಿ ಹತ್ತು ಸೆಕೆಂಡು ನೋಡಿ ತೀರ್ಪು ಕೊಡುವವರನ್ನೂ ನಂಬಬೇಡಿ, ಇದನ್ನು ಪೂರ್ತಿ ಅರವತ್ತು ಸೆಕೆಂಡು ಅಳೆಯಬೇಕು.

ಗಾತ್ರದಲ್ಲಿ ಇಟಿಎಗೆ ಸಾಟಿಯಿಲ್ಲ. ದಪ್ಪ ಕೇವಲ 2.5 ಮಿಲಿಮೀಟರ್, ಸೀಕೋದ ಸೆಲ್ ಒಂದೇ ಅದಕ್ಕಿಂತ ದಪ್ಪ. ಬಿಡಿಭಾಗವೂ ಇಟಿಎಯದೇ ಸುಲಭವಾಗಿ ಸಿಗುತ್ತದೆ. ಅಂಗಿಯ ತೋಳಿನೊಳಗೆ ಅಡಗಬೇಕು, ರಿಪೇರಿಯ ತಲೆನೋವು ಬೇಡ ಎನ್ನುವವರು ಅದನ್ನೇ ಕೊಳ್ಳಲಿ.

ನಾನು ಉಳಿಸಿಕೊಂಡಿದ್ದು ಸೀಕೋ. ನೀವೂ ಹಳೆಯದೊಂದನ್ನು ಕೊಳ್ಳುವುದಾದರೆ ಮೊದಲು ಮುಚ್ಚಳ ತೆಗೆಸಿ. ತಿರುಪಿನ ಸೀಳು ಸವೆದಿದೆಯೇ, ಸೆಲ್ ಸೋರಿ ಹಸಿರು ಕಲೆಯಾಗಿದೆಯೇ ನೋಡಿ. ಸೆಲ್ ತೆಗೆಯುವಾಗ ಸ್ಕ್ರೂಡ್ರೈವರ್ ಕಾಯಿಲ್ ಕಡೆಗೆ, ಅಂದರೆ ಮುಳ್ಳನ್ನು ಓಡಿಸುವ ತಂತಿಸುರುಳಿಯ ಕಡೆಗೆ, ಜಾರದಿರಲಿ. ಅದರ ತಂತಿ ಕೂದಲಿಗಿಂತ ತೆಳು.